ಒಂದೇ ಸಂಪು, ಎರಡು ಮನೆ: ಅಣ್ಣನೊಂದಿಗಿನ ಜಗಳದಲ್ಲಿ ನನ್ನ ಪಾಲು ಎಷ್ಟು?

ಪ್ರಶ್ನೆ: ಕೆಳಮನೆಯವನು, ವಿಜಯನಗರ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 30x40 ನಿವೇಶನದಲ್ಲಿ ಕಟ್ಟಿಸಿದ ಮನೆಯಲ್ಲಿ ನಾವು ಅಣ್ಣ-ತಮ್ಮಂದಿರು ವಾಸವಾಗಿದ್ದೇವೆ. ಕೆಳಗೆ ನಾನು, ನನ್ನ ಪತ್ನಿ, ಇಬ್ಬರು ಮಕ್ಕಳು. ಮೇಲೆ ಅಣ್ಣ, ಅತ್ತಿಗೆ, ಅವರ ಮಗಳು ಮತ್ತು ಅಮ್ಮ. ತಂದೆಯವರು ತೀರಿಕೊಂಡು ಆರು ವರ್ಷಗಳಾದವು. ಎರಡೂ ಮನೆಗಳಿಗೆ ಒಂದೇ ಸಂಪು, ಒಂದೇ ಮೋಟರು, ಒಂದೇ ನೀರಿನ ಮೀಟರು. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಬಿಲ್ಲನ್ನು ಅರ್ಧರ್ಧ ಕಟ್ಟುತ್ತೇವೆ. ಮೋಟರಿನ ಸ್ವಿಚ್ಚು ಮಾತ್ರ ನಮ್ಮ ಅಡುಗೆಮನೆಯ ಹಿಂದಿನ ಪ್ಯಾಸೇಜಿನಲ್ಲಿದೆ.

ಹೋದ ತಿಂಗಳು ಬಿಲ್ಲು ಎಂದಿಗಿಂತ ಹೆಚ್ಚು ಬಂದಾಗ, ಗೇಟಿನ ಬಳಿ ಎದುರಾದ ಅತ್ತಿಗೆಯವರಿಗೆ, "ಮೇಲೆ ದಿನವೂ ವಾಷಿಂಗ್ ಮಷೀನ್ ಓಡುತ್ತದೆ, ಬಿಲ್ಲು ಬರದೆ ಇರುತ್ತದೆಯೇ" ಎಂದುಬಿಟ್ಟೆ. ಪಕ್ಕದ ಮನೆಯವರೂ ಅದನ್ನು ಕೇಳಿಸಿಕೊಂಡರು. ಅಲ್ಲಿಂದ ಮಾತು ಬಿಗಿಯಾಯಿತು. ಮುಂದಿನ ವಾರ ಒಂದು ಬೆಳಿಗ್ಗೆ, ಟ್ಯಾಂಕು ಬರಿದಾಗುತ್ತಿದೆಯೆಂದು ತಿಳಿದಿದ್ದರೂ, ಅವರೇ ಬಂದು ಕೇಳಲಿ ಎಂಬ ಹಟದಲ್ಲಿ ಮೋಟರು ಹಾಕದೆ, ಮನೆಗೆ ಬೀಗ ಹಾಕಿ ಎಲ್ಲರೂ ಹೊರಟುಹೋದೆವು. ಅಂದು ಅಣ್ಣ ಸಂಪಿನ ಮುಚ್ಚಳ ತೆಗೆದು, ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ನೀರು ಸೇದಿ ಮೇಲಕ್ಕೆ ಹೊತ್ತಿದ್ದಾನೆ. ಸಂಜೆ, "ಅಪ್ಪ ಇದ್ದಿದ್ದರೆ ನಿನಗೆ ಈ ಧೈರ್ಯ ಬರುತ್ತಿರಲಿಲ್ಲ" ಎಂದ. ಅಪ್ಪನ ಚಿಕಿತ್ಸೆಗೆ ನಾನು ಹೆಚ್ಚು ಹಣ ಹಾಕಿದ್ದೆನೆಂಬ ಹಳೆಯ ಮಾತನ್ನು ನಾನೂ ಎತ್ತಿದೆ. ಅಲ್ಲಿಗೆ ಮೂರು ವಾರಗಳಿಂದ ಮಾತಿಲ್ಲ. ಮಕ್ಕಳ ಮೂಲಕ ಹೇಳಿಕಳುಹಿಸುತ್ತೇವೆ.

ಸ್ನೇಹಿತರೆಲ್ಲ ನನ್ನದೇ ಸರಿ ಎನ್ನುತ್ತಾರೆ. ಆದರೆ ನಾನು ಅವರಿಗೆ ಹೇಳಿದ ಕಥೆಯಲ್ಲಿ ಬೀಗ ಹಾಕಿದ ಸಂಗತಿಯನ್ನು ಬಿಟ್ಟಿದ್ದೆ. ಈಗ ನಾನೇ ಮೊದಲು ಕ್ಷಮೆ ಕೇಳಿದರೆ ಬಿಲ್ಲು, ಹಣ ಎಲ್ಲದರಲ್ಲೂ ತಪ್ಪು ನನ್ನದೇ ಎಂದು ಒಪ್ಪಿಕೊಂಡಂತಾಗುವುದಿಲ್ಲವೇ? ನನ್ನ ಪಾಲನ್ನಷ್ಟೇ ಹೊರುವುದು ಹೇಗೆ?

ಉತ್ತರ: ನಿವೃತ್ತ ಅಧ್ಯಾಪಕಿ, ಮಲ್ಲೇಶ್ವರ

ಬೀಗದ ಸಂಗತಿಯನ್ನು ಇಲ್ಲಿ ನೀವಾಗಿಯೇ ಬರೆದಿದ್ದೀರಿ ಎಂಬ ಕಾರಣಕ್ಕೇ ನಿಮಗೆ ಉತ್ತರಿಸಬೇಕೆನ್ನಿಸಿತು. ನೀವು ಹೇಳಿದ ಜಗಳದಲ್ಲಿ ಮೂರು ಬೇರೆ ಬೇರೆ ವಿಷಯಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಬಿಲ್ಲು ಏಕೆ ಏರಿತು ಎಂಬುದು ಮೊದಲನೆಯದು. ಅದು ಯಾರ ತಪ್ಪೆಂದು ನಿಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ತಂದೆಯವರ ಚಿಕಿತ್ಸೆಯ ಹಣ ಎರಡನೆಯದು. ಅದು ಆರು ವರ್ಷ ಹಳೆಯದು, ಕಾಗದಪತ್ರ ಇಟ್ಟುಕೊಂಡು ಮಾತನಾಡಬೇಕಾದದ್ದು. ಆ ಬೆಳಗಿನ ನೀರು ಮೂರನೆಯದು. ಅದರಲ್ಲಿ ಪಾಲು ಮಾಡಲು ಏನೂ ಇಲ್ಲ, ಅದು ಪೂರ್ತಿಯಾಗಿ ನಿಮ್ಮದು. ಗೇಟಿನ ಬಳಿ ನಾಲ್ಕು ಜನರ ಕಿವಿಗೆ ಬೀಳುವಂತೆ ಅತ್ತಿಗೆಯವರಿಗೆ ಹೇಳಿದ ಮಾತೂ ನಿಮ್ಮದೇ. ಈ ಎರಡಕ್ಕೆ ಮಾತ್ರ ಕ್ಷಮೆ ಕೇಳಿ. ಉಳಿದವನ್ನು ಅಂದು ಎತ್ತಲೇಬೇಡಿ.

ನನ್ನ ಅನುಭವವೊಂದನ್ನು ಹೇಳುತ್ತೇನೆ. ಒಟ್ಟು ಕುಟುಂಬದಲ್ಲಿದ್ದಾಗ ಹಬ್ಬದ ದಿನ ಬಂಧುಗಳ ಮುಂದೆ ನನ್ನ ಓರಗಿತ್ತಿಯ ಅಡುಗೆಯನ್ನು ಹಳಿದಿದ್ದೆ. ಆಮೇಲೆ ಮೂರು ಸಲ ಅವಳ ಬಳಿ ಹೋಗಿ ತಪ್ಪಾಯಿತೆಂದು ಹೇಳಿದೆ, ಮೂರು ಸಲವೂ ಅದರ ಹಿಂದೆಯೇ "ಆದರೆ ನೀನೂ ಆ ದಿನ..." ಎಂದು ಸೇರಿಸಿದೆ. ಮೂರು ಸಲವೂ ಜಗಳ ಹೊಸದಾಗಿ ಶುರುವಾಯಿತು. ಅವಳಿಗೆ ಕೇಳಿಸುತ್ತಿದ್ದದ್ದು "ಆದರೆ" ಎಂಬ ಪದದ ಮುಂದಿನ ಮಾತು ಮಾತ್ರ ಎಂದು ನನಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು. ಆದ್ದರಿಂದ ಕ್ಷಮೆ ಕೇಳಿದ ಮೇಲೆ ಸುಮ್ಮನಿರುವುದನ್ನು ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ಹೋಗಿ. ಅಣ್ಣ ಕೂಡಲೇ ಕರಗದೆ ಇರಬಹುದು, ಎರಡು ಕಠಿಣ ಮಾತುಗಳನ್ನು ಆಡಲೂಬಹುದು. ಅವರು ಹೇಗೆ ಸ್ವೀಕರಿಸುತ್ತಾರೆ ಎಂಬುದು ನಿಮ್ಮ ಕೈಯಲ್ಲಿಲ್ಲ, ಅದನ್ನು ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ.

ಇನ್ನೊಂದು ವಿಷಯ. ಮಕ್ಕಳ ಮೂಲಕ ಮಾತು ಕಳುಹಿಸುವುದನ್ನು ಇಂದೇ ನಿಲ್ಲಿಸಿ. ಇದಕ್ಕೆ ಅಣ್ಣನ ಒಪ್ಪಿಗೆ ಬೇಕಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ಮಕ್ಕಳನ್ನು ನೋಡಿದ್ದೇನೆ. ಮನೆಯಲ್ಲಿ ದೊಡ್ಡವರ ನಡುವೆ ಸುದ್ದಿ ಹೊರುವ ಮಗು ಶಾಲೆಯಲ್ಲಿ ಎಷ್ಟು ಮಂಕಾಗಿ ಕೂರುತ್ತದೆ ಎಂಬುದು ಆ ಮನೆಯವರಿಗೆ ಕಾಣುವುದಿಲ್ಲ.

ಉತ್ತರ: ಪ್ಲಂಬಿಂಗ್ ಗುತ್ತಿಗೆದಾರ, ಪೀಣ್ಯ

ಮನಸ್ಸಿನ ವಿಷಯವನ್ನು ಮೇಲಿನವರು ಹೇಳಿದ್ದಾರೆ, ನಾನು ಪೈಪಿನ ವಿಷಯ ಹೇಳುತ್ತೇನೆ. ವಾಷಿಂಗ್ ಮಷೀನು ಒಂದು ಸಲಕ್ಕೆ ಅದರ ಮಾದರಿಗೆ ತಕ್ಕಂತೆ ಸುಮಾರು 50ರಿಂದ 150 ಲೀಟರ್ ನೀರು ತೆಗೆದುಕೊಳ್ಳುತ್ತದೆ. ಟ್ಯಾಂಕು ತುಂಬಿದ ಮೇಲೂ ಹತ್ತು ನಿಮಿಷ ಮೋಟರು ಓಡಿದರೆ ನೂರಾರು ಲೀಟರ್ ಚರಂಡಿಗೆ ಹೋಗಬಹುದು. ಕಮೋಡಿನ ಫ್ಲಷ್ ಟ್ಯಾಂಕು ಸದ್ದಿಲ್ಲದೆ ಸೋರುತ್ತಿದ್ದರೂ ದಿನಕ್ಕೆ ನೂರಾರು ಲೀಟರ್ ಹೋಗಬಹುದು. ಜಲಮಂಡಳಿಯ ದರವು ಬಳಕೆ ಹೆಚ್ಚಿದಂತೆ ಹಂತಹಂತವಾಗಿ ಏರುವುದರಿಂದ, ಮೇಲಿನ ಹಂತಕ್ಕೆ ಹೋದ ಪ್ರತಿ ಸಾವಿರ ಲೀಟರಿಗೂ ಹೆಚ್ಚು ದುಡ್ಡು. ಇದನ್ನೆಲ್ಲ ಪರೀಕ್ಷಿಸದೆ ಮೇಲಿನ ಮನೆಯ ಮಷೀನಿನ ಮೇಲೆ ಹೇಳಿದ್ದು ನ್ಯಾಯವಲ್ಲ.

ಒಂದು ರಾತ್ರಿ ಎರಡೂ ಮನೆಯವರು ನಲ್ಲಿಗಳನ್ನೆಲ್ಲ ನಿಲ್ಲಿಸಿ, ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಿ. ನೀರು ಬಾರದ ದಿನ ಸಂಪಿಗೂ ಹಾಗೆಯೇ ಮಾಡಿ. ಅದಾದ ಮೇಲೆ ಟ್ಯಾಂಕಿನಿಂದ ಇಳಿಯುವ ಎರಡು ಲೈನುಗಳಿಗೆ ಒಂದೊಂದು ಸಣ್ಣ ಮೀಟರು ಕೂರಿಸಿ. ಲೈನು ಒಂದೇ ಇದ್ದರೆ ಮೊದಲು ಅದನ್ನು ಬೇರೆ ಮಾಡಿಸಬೇಕಾಗುತ್ತದೆ. ಮೋಟರಿಗೆ ಟ್ಯಾಂಕು ತುಂಬಿದಾಗ ತಾನಾಗಿಯೇ ನಿಲ್ಲುವ ಆಟೊಮ್ಯಾಟಿಕ್ ಸ್ವಿಚ್ ಹಾಕಿಸಿ, ಸ್ವಿಚ್ಚನ್ನು ನಿಮ್ಮ ಅಡುಗೆಮನೆಯಿಂದ ಮೆಟ್ಟಿಲ ಕೆಳಕ್ಕೆ ತನ್ನಿ. ಒಂದು ಮನೆಯ ನೀರು ಇನ್ನೊಂದು ಮನೆಯ ಬೀಗದೊಳಗೆ ಇರಬಾರದು.

ಕಾವೇರಿ ನೀರಿನ ಪಂಪಿಂಗ್ ಕೇಂದ್ರವಿರುವ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತಂದ ನೀರು ಇದು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಜನ ಕಾದದ್ದನ್ನು ನಾವೆಲ್ಲ ಕಂಡಿದ್ದೇವೆ.

ಉತ್ತರ: ವಕೀಲ, ಬಸವನಗುಡಿ

ಮಲ್ಲೇಶ್ವರದವರ ಮಾತನ್ನು ಒಪ್ಪುತ್ತೇನೆ, ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಹೊಣೆ ಹೊರುವುದೆಂದರೆ ಎಲ್ಲವನ್ನೂ ನುಂಗಿಕೊಂಡು ಕೂರುವುದಲ್ಲ. ಕುಟುಂಬದ ಶಾಂತಿಗಾಗಿ ಎಂದು ಹೇಳಿ ನ್ಯಾಯವಾದ ಹಣದ ಮಾತನ್ನು ವರ್ಷಗಟ್ಟಲೆ ಅದುಮಿಟ್ಟವರು, ಮುಂದೊಂದು ದಿನ ಅದನ್ನು ನೀರಿನ ಬಿಲ್ಲಿನ ನೆಪದಲ್ಲಿ ಹೊರಹಾಕುವುದನ್ನು ನಾನು ಬಹಳ ಸಲ ನೋಡಿದ್ದೇನೆ. ನಿಮ್ಮ ವಿಷಯದಲ್ಲೂ ಹಾಗೆಯೇ ಆಗಿರಬೇಕು. ಆ ಹಣದ ಬಗ್ಗೆ ಈ ಆರು ವರ್ಷಗಳಲ್ಲಿ ಒಮ್ಮೆಯಾದರೂ ಸಮಾಧಾನವಾಗಿ ಕುಳಿತು ಕೇಳಿದ್ದೀರಾ? ಕೇಳಿಲ್ಲವಾದರೆ ಆ ಮೌನವೂ ನಿಮ್ಮ ಪಾಲಿಗೇ ಸೇರುತ್ತದೆ.

ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಬೇರೊಂದು. ನಿಮ್ಮ ಇಡೀ ಪ್ರಶ್ನೆಯಲ್ಲಿ ಅಮ್ಮನ ಹೆಸರು ಒಂದೇ ಒಂದು ಸಲ, ಮೇಲಿನ ಮನೆಯವರ ಪಟ್ಟಿಯ ಕೊನೆಯಲ್ಲಿ ಬಂದಿದೆ. ಅಂದು ಬೆಳಿಗ್ಗೆ ನೀರಿಲ್ಲದೆ ಇದ್ದವರಲ್ಲಿ ಅವರೂ ಒಬ್ಬರು. ಅದಲ್ಲದೆ, ತಂದೆಯವರು ತಮ್ಮ ಸ್ವಯಾರ್ಜಿತ ಆಸ್ತಿಗೆ ಉಯಿಲು ಬರೆಯದೆ ತೀರಿಕೊಂಡಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಪತ್ನಿಗೂ, ಗಂಡುಮಕ್ಕಳು ಹೆಣ್ಣುಮಕ್ಕಳೆನ್ನದೆ ಎಲ್ಲ ಮಕ್ಕಳಿಗೂ ಸಮಪಾಲು ಬರುತ್ತದೆ. ಅಂದರೆ ಅದು ಅಣ್ಣ-ತಮ್ಮಂದಿರಿಬ್ಬರ ಮನೆ ಮಾತ್ರವಲ್ಲ. ಅಮ್ಮನನ್ನು ನ್ಯಾಯ ಹೇಳಲು ಕೂರಿಸಬೇಡಿ, ಅದು ಅವರಿಗೆ ಹಿಂಸೆ. ಆದರೆ ಮನೆಯ ವಿಷಯದಲ್ಲಿ ಅವರ ಅಭಿಪ್ರಾಯವೇನೆಂದು ಕೇಳಿ.

ಹಣದ ವಿಷಯ ನಿಮ್ಮೊಳಗೆ ತೀರದಿದ್ದರೆ ಮೊಕದ್ದಮೆಗೆ ಮುನ್ನವೇ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಆ ಪ್ರಾಧಿಕಾರ ನಡೆಸುವ ಲೋಕ ಅದಾಲತ್ತಿಗೆ ನ್ಯಾಯಾಲಯ ಶುಲ್ಕವಿಲ್ಲ. ಅಲ್ಲಿ ಆದ ರಾಜಿಗೆ ಡಿಕ್ರಿಯ, ಅಂದರೆ ಸಿವಿಲ್ ನ್ಯಾಯಾಲಯದ ತೀರ್ಪಿನ ಬಲವಿದೆ, ಅದರ ಮೇಲೆ ಮೇಲ್ಮನವಿಯಿಲ್ಲ. ಮೋಟರಿಗಾಗಿ ಮಾತ್ರ ಅಲ್ಲಿಯವರೆಗೆ ಹೋಗಬೇಡಿ.

ಮರುಉತ್ತರ: ಕೆಳಮನೆಯವನು, ವಿಜಯನಗರ

ಹತ್ತು ದಿನಗಳ ಮೇಲೆ ಬರೆಯುತ್ತಿದ್ದೇನೆ. ಮೂವರಿಗೂ ಕೃತಜ್ಞತೆಗಳು. ಭಾನುವಾರ ತಿಂಡಿಯ ಹೊತ್ತು ಮುಗಿದ ಮೇಲೆ ಮೇಲೆ ಹೋದೆ. ಬೀಗ ಹಾಕಿ ಹೋದದ್ದು ಮರೆವಿನಿಂದಲ್ಲ, ಬೇಕೆಂದೇ ಎಂದು ಅಣ್ಣನಿಗೆ ಹೇಳಿದೆ. ಇದನ್ನು ಹೇಳುವುದು ಕ್ಷಮೆ ಕೇಳುವುದಕ್ಕಿಂತ ಕಷ್ಟವಾಯಿತು. ಅಣ್ಣ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಅಮ್ಮನಿಗೆ ಹೇಳು" ಎಂದಷ್ಟೇ ಅಂದ. ಅಮ್ಮನಿಗೂ ಹೇಳಿದೆ. ಅತ್ತಿಗೆಯವರು ಇನ್ನೂ ಸರಿಯಾಗಿ ಮಾತನಾಡುತ್ತಿಲ್ಲ. ಪಕ್ಕದ ಮನೆಯವರ ಎದುರು ಆಡಿದ ಮಾತು ಬೇಗ ಮಾಸುವುದಿಲ್ಲವೆಂದು ತಿಳಿದು, ನಾನೂ ಅವರನ್ನು ಒತ್ತಾಯಿಸಿಲ್ಲ.

ಟ್ಯಾಂಕಿಗೂ ಸಂಪಿಗೂ ಗುರುತು ಹಾಕಿ ನೋಡಿದೆವು, ಎಲ್ಲಿಯೂ ಸೋರಿಕೆ ಕಾಣಲಿಲ್ಲ. ಬಿಲ್ಲು ಏಕೆ ಏರಿತೆಂಬುದು ಇನ್ನೂ ತಿಳಿದಿಲ್ಲ. ಮೀಟರು ಕೂರಿಸುವವರೆಗೆ ಅರ್ಧರ್ಧವೇ ಇರಲಿ ಎಂದು ಒಪ್ಪಿಕೊಂಡಿದ್ದೇವೆ. ಸ್ವಿಚ್ಚು ಮೆಟ್ಟಿಲ ಕೆಳಗೆ ಬಂದಿದೆ.

ಹಣದ ಮಾತನ್ನು ನಾನು ಎತ್ತಲಿಲ್ಲ, ಅಣ್ಣನೇ ಎತ್ತಿದ. ಆಸ್ಪತ್ರೆಯ ರಸೀದಿಗಳ ಕಡತ ನನ್ನ ಬಳಿ ಇದೆ, ಅವನು ಕೊಟ್ಟ ಹಣದ ಲೆಕ್ಕ ಅವನ ಬಳಿ ಇದೆಯಂತೆ. ಮುಂದಿನ ತಿಂಗಳು ಎರಡನ್ನೂ ಇಟ್ಟುಕೊಂಡು ಕೂರುವುದೆಂದು ಮಾತಾಯಿತು. ಆಗ ಅಮ್ಮ, ತುಮಕೂರಿನಲ್ಲಿರುವ ಅಕ್ಕನನ್ನೂ ಕರೆಯಬೇಕೆಂದರು. ಅಪ್ಪನ ಕೊನೆಯ ಮೂರು ತಿಂಗಳು ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕುಳಿತಿದ್ದವಳು ಅವಳು. ವಕೀಲರು ಹೆಣ್ಣುಮಕ್ಕಳ ಪಾಲಿನ ಬಗ್ಗೆ ಬರೆದದ್ದನ್ನು ಓದಿದಾಗಲೂ ನನಗೆ ಅವಳ ನೆನಪು ಬಂದಿರಲಿಲ್ಲ. ನಿನ್ನೆ ಅವಳಿಗೆ ಫೋನ್ ಮಾಡಿದೆ.