ಕಾದಂಬರಿ ಅಚ್ಚಿಗಿ ಕೊಡೋಕಿಂತ ಮೊದ್ಲ ಯಾರ ಕಡಿಂದ ಓದಸ್ಬೇಕ್ರಿ?

ಶಹಾಪುರ_ಮಾಸ್ತರ:
ಎಲ್ಲಾರಿಗೂ ನಮಸ್ಕಾರ್ರಿ. ನಾ ಯಾದಗಿರಿ ಜಿಲ್ಲಾ ಶಹಾಪುರ ಕಡಿಯಾಂವ, ಸಾಲಿ ಮಾಸ್ತರ. ಒಂದ್ ಕಾದಂಬರಿ ಬರ್ದೀನಿ, ಡೆಮ್ಮಿ ಸೈಜಿಗಿ 300 ಪುಟ ಆಗ್ಬಹುದು. ರಜಾಕಾರರ (ಹೈದರಾಬಾದ್ ನಿಜಾಮನ ಪರ ಇದ್ದ ಹತಾರದ ಪಡಿ) ಹಾವಳಿ ಟೈಮಿನ್ಯಾಗ ಊರು ಬಿಟ್ಟು ಸೊಲ್ಲಾಪುರ ಕಡಿ ಹೋದ ಒಂದ್ ಮನಿತನದ ಕಥಿ. ಗೆಳ್ಯಾರು ಓದಿ "ಭಾಳ ಛಂದ ಬಂದದ" ಅಂದ್ರು, ಅದರಿಂದ ಮುಂದೇನ್ ಮಾಡ್ಬೇಕಂತ ತಿಳೀವಲ್ದು. ಒಬ್ರು ಪ್ರಕಾಶಕರು ಡಿಟಿಪಿ (ಅಚ್ಚಿಗಿ ಕಂಪ್ಯೂಟರಿನ್ಯಾಗ ಪುಟ ಜೋಡ್ಸೋದು) ಮಾಡ್ಸಿ ಕೊಡ್ರಿ, ಯಾರ ಕಡಿಂದರ ಮುನ್ನುಡಿ ಬರಸ್ರಿ ಅಂದ್ರು, ಕಥಿ ಏನದ ಅಂತ ಒಂದ್ ಮಾತೂ ಕೇಳ್ಲಿಲ್ಲ. ರೊಕ್ಕ ಕೊಡಾಕ ತಯಾರದೀನ್ರಿ, ಪೂರಾ ಓದಿ ಎಲ್ಲಿ ಸಡ್ಲಾಗ್ಯದ, ಯಾವ ಪಾತ್ರ ನಿಂತಿಲ್ಲ ಅಂತ ಖರೇ ಹೇಳೋರು ಬೇಕು. ಮತ್ತ ಮಾತುಕತಿ ಎಲ್ಲಾ ನಮ್ ಕಡಿ ಭಾಷಿದಾಗ ಅದ, ಬ್ಯಾರೆ ಕಡಿ ಎಡಿಟರಿಗಿ ಕೊಟ್ರ "ಅದ" ಹೋಗಿ "ಇದೆ" ಆಗ್ತದೇನೋ ಅಂತ ಅಂಜಿಕಿ. ಕಥಿ ಕದ್ರ ಏನ್ ಮಾಡೋದು ಅಂತನೂ ಅನಸ್ತದ.

ಭೀಮಾತೀರ:
ಸರ್, ಮುನ್ನುಡಿ ಬ್ಯಾರೆ, ನಿಮಗ ಬೇಕಾಗಿದ್ದು ಬ್ಯಾರೆ. ಮುನ್ನುಡಿ ಪುಸ್ತಕದ ಒಳಗೇ ಅಚ್ಚಾಗೋದು, ಹಂಗ ಅಚ್ಚಾಗೋ ಮಾತಿನ್ಯಾಗ ಯಾವ ಹಿರಿಯರೂ "ಏಳನೇ ಅಧ್ಯಾಯ ತಗೀರಿ" ಅಂತ ಬರ್ಯಂಗಿಲ್ಲ, ಹರಸಿ ಬರೀತಾರ ಅಷ್ಟ. ಅದ್ಕ ಅದೇ ಹಿರಿಯರ ಕಡಿ ಹೋಗಿ "ಮುನ್ನುಡಿ ಈಗ ಬ್ಯಾಡ್ರಿ, ಪೆನ್ಸಿಲ್ ಹಿಡ್ಕೊಂಡು ಓದ್ರಿ" ಅಂತ ಕೇಳ್ರಿ, ಭಾಳ ಮಂದಿ ಖುಷಿಲೇ ಓದ್ತಾರ, ಯಾಕಂದ್ರ ಹಂಗ ಕೇಳೋರೇ ಕಮ್ಮಿ.

ರೊಕ್ಕ ಕೊಟ್ಟು ಮಾಡ್ಸೋದಾದ್ರ ಮೊದ್ಲ ಯಾವ ಕೆಲ್ಸ ಅಂತ ಗಟ್ಟಿ ಮಾಡ್ಕೋರಿ. ಪೂರಾ ಓದಿ ಕಥಿ ಕಟ್ಟಿದ್ದರ ಬಗ್ಗಿ ಐದಾರು ಪುಟದ ವರದಿ ಬರ್ದು ಕೊಡೋದು ಒಂದು, ವಾಕ್ಯ ವಾಕ್ಯ ಹಿಡ್ದು ತಿದ್ದೋದು ಇನ್ನೊಂದು, ಕಡೀಕ ಕರಡು (ಪ್ರೂಫ್) ನೋಡೋದು, ಅಂದ್ರ ಒತ್ತಕ್ಷರ ಮಹಾಪ್ರಾಣ ಪುಟದ ನಂಬರ್ ಇಂಥಾವು. ನಮ್ ಕಡಿ ಪ್ರೂಫ್ ನೋಡ್ಸಿದ್ರ ಎಡಿಟಿಂಗ್ ಮುಗೀತು ಅಂತ ತಿಳ್ಕೋತಾರ. ನಿಮಗ ಮೊದ್ಲ ಬೇಕಾಗಿದ್ದು ವರದಿ. ಪ್ರೂಫ್ ಮೊದ್ಲ ಮಾಡ್ಸಿ ಆಮ್ಯಾಲ ಮೂರ್ ಅಧ್ಯಾಯ ಕಿತ್ತಾಕಿದ್ರ ಆ ರೊಕ್ಕ ದಂಡ, ಮತ್ತ ಡಿಟಿಪಿ ಆಗಿ ಪುಟ ಕುಂತ ಮ್ಯಾಲ ಒಂದ್ ಪ್ಯಾರಾ ತಗ್ಯಾಕೂ ಮನಸು ಬರಂಗಿಲ್ಲ. ಡಿಟಿಪಿ ಈಗ ಮಾಡಸ್ಬ್ಯಾಡ್ರಿ ಸರ್, ಕೈ ಮುಗ್ದು ಹೇಳ್ತೀನಿ.

ಇಡೀ ಕಾದಂಬರಿ ಒಮ್ಮಿಗೇ ಕೊಡಬ್ಯಾಡ್ರಿ. ಮೊದಲ್ನೇ 30 ಪುಟ ಕೊಟ್ಟು ಅದಕ್ಕಷ್ಟ ರೊಕ್ಕ ಕೊಡ್ರಿ, ಅವ್ರ ಟಿಪ್ಪಣಿ ನೋಡ್ರಿ. "ಶೈಲಿ ಛಂದದ, ಇನ್ನಷ್ಟು ಬಿಗಿ ಬೇಕು" ಅಂತ ಬರದ್ರ ಅಲ್ಲಿಗೇ ಬಿಡ್ರಿ. "ಹನ್ನೆರಡನೇ ಪುಟದಾಗ ಮುದುಕಿ ಒಮ್ಮಿಗೇ ಯಾಕ ಸಿಟ್ಟಾದ್ಳು ತಿಳೀಲಿಲ್ಲ" ಅಂತ ಬರದ್ರ ಆ ಮನಷ್ಯಾನ್ನ ಬಿಡಬ್ಯಾಡ್ರಿ. ನೀವೂ ಪ್ರಶ್ನೆ ಬರ್ದು ಕೊಡ್ರಿ: ಎಲ್ಲಿ ಓದೋದು ನಿಲ್ಸಿ ಎದ್ರಿ, ಯಾರ್ಯಾರ ಹೆಸರು ಕಲಸ್ಕೊಂಡ್ವು, ಕೊನಿ ಎಲ್ಲಿ ಗೊತ್ತಾಗಿಬಿಡ್ತು.

ನುಡಿ ಸಾಫ್ಟ್‌ವೇರಿನ್ಯಾಗ ಟೈಪ್ ಮಾಡಿದ್ರ ಯೂನಿಕೋಡಿಗಿ ತಿರುಗ್ಸಿ ಒಮ್ಮಿ ನೀವ ಓದ್ಕೋರಿ, ಅರ್ಕಾವತ್ತು ಅಲ್ಲಲ್ಲಿ ಕೆಟ್ಟಿರ್ತಾವ.

ಬೀದರ್_ಕೋಟಿ:
ಮಾಸ್ತರ್ರಿ, ಆ ಕಾಲದ ಕಥಿ ಅಂದ್ರ ಕಾದಂಬರಿ ತಿಳಿದೋರ ಜೋಡಿ ಆ ಕಾಲ ತಿಳಿದೋರೂ ಒಬ್ರು ಓದ್ಬೇಕು. ಹೈದರಾಬಾದ್ ಸಂಸ್ಥಾನದ ಮ್ಯಾಲ ಭಾರತ ಸರಕಾರದ ಪೊಲೀಸ್ ಕಾರ್ಯಾಚರಣೆ 1948ರ ಸೆಪ್ಟೆಂಬರ್ 13ಕ್ಕ ಸುರು ಆಗಿ 17ಕ್ಕ ನಿಜಾಮ ಶರಣಾದ, ಇದು ಎಲ್ಲಾರಿಗೂ ಗೊತ್ತು. ತಪ್ಪೋದು ಸಣ್ಣ ಸಣ್ಣವು. ಆಗ ಇಲ್ಲಿ ನಡೀತಿದ್ದುದು ನಿಜಾಮನ ರೂಪಾಯಿ, ಹಾಲಿ ಸಿಕ್ಕಾ ಅಂತಿದ್ರು, ಬ್ರಿಟಿಷ್ ರೂಪಾಯಿ ಬ್ಯಾರೆ, ಗಡಿ ದಾಟಿ ಸೊಲ್ಲಾಪುರಕ್ಕ ಹೋದೋರು ರೊಕ್ಕ ಬದಲ್ಸಬೇಕಾಗ್ತಿತ್ತು, ಅದೇ ಒಂದ್ ಛಂದ ಸೀನ್ ಆಗ್ತದ ನೋಡ್ರಿ. 25 ಪೈಸೆ 50 ಪೈಸೆ ಲೆಕ್ಕ ಬಂದದ್ದು 1957ರ ಮ್ಯಾಲ, ಅಲ್ಲಿತನ ಆಣೆ. ಜಿಲ್ಲಾದ ದೊಡ್ಡ ಅಧಿಕಾರಿಗಿ ಅವ್ವಲ ತಾಲೂಕದಾರ ಅಂತಿದ್ರು. ಸರಕಾರಿ ಕಾಗದ ಉರ್ದುದಾಗ. ಯಾದಗಿರಿ ಜಿಲ್ಲಾ ಆಗಿದ್ದೇ 2009ರ ಕೊನಿಗಿ, ನಿಮ್ ಕಥಿದಾಗ ಅದು ಗುಲಬರ್ಗಾ ಜಿಲ್ಲಾನೇ. ಗುಲಬರ್ಗಾ ವಿಶ್ವವಿದ್ಯಾಲಯದಾಗ, ಕಡಗಂಚಿ ಕೇಂದ್ರೀಯ ವಿವಿದಾಗ ಸಂಶೋಧನಾ ವಿದ್ಯಾರ್ಥಿಗಳು ಅದಾರ, ಹೋಗಿ ವಿಚಾರಸ್ರಿ. ಊರಾಗ ತೊಂಬತ್ತರ ಆಸುಪಾಸಿನ ಮುದುಕ್ರು ಇದ್ರ ಆ ಅಧ್ಯಾಯ ಓದಿ ಹೇಳ್ರಿ, ಅವ್ರು ನಡುವ ನಿಲ್ಸಿ ತಿದ್ದತಾರಲ್ಲ, ಅದ್ಕ ಬೆಲಿ ಕಟ್ಟಾಕಾಗಲ್ಲ.

ಕಲಬುರಗಿ_ಹುಡುಗಿ:
ಅಣ್ಣಾ ಭಾಷಿ ಬಗ್ಗಿ ಹೇಳ್ತೀನಿ, ನಾ ಬೆಂಗಳೂರಾಗ ಎಡಿಟಿಂಗ್ ಕೆಲ್ಸನೇ ಮಾಡ್ತೀನಿ. ಕೊಡೋಕಿಂತ ಮೊದ್ಲ ಎರಡ್ ಪುಟದ ಪಟ್ಟಿ ಮಾಡ್ರಿ, ಅದ, ಹೊಂಟೀನಿ, ಹ್ಯಾಂಗ, ಕಡಿ, ಇವು ಹಿಂಗೇ ಇರ್ಬೇಕು, ನಿರೂಪಣೆ ಯಾವ ಭಾಷಿ, ಮಾತು ಯಾವ ಭಾಷಿ ಅಂತ. ಗೂಗಲ್ ಡಾಕ್ಸಿನ್ಯಾಗ ಎಡಿಟರಿಗಿ "ಕಮೆಂಟರ್" ಅಂತ ಶೇರ್ ಮಾಡಿ ಕೊಟ್ರ ಅವ್ರು ತಿದ್ದಿದ್ದೆಲ್ಲಾ ಸಜೆಶನ್ ಆಗಿ ಕಾಣ್ತದ, ಒಪ್ಪೋದು ಬಿಡೋದು ನಿಮ್ ಕೈಯಾಗ. ಆದ್ರ ಒಂದ್ ಮಾತು, ಒಬ್ಬನೇ ಮನಷ್ಯಾ ಒಂದ್ ಪುಟದಾಗ "ಬರ್ತೀನಿ" ಇನ್ನೊಂದ್ರಾಗ "ಬರುತ್ತೇನೆ" ಅಂದ್ರ ಎಡಿಟರ್ ತಿದ್ದೇ ತಿದ್ದತಾರ, ತಿದ್ದಲೇಬೇಕು. ಮೈಸೂರ್ ಕಡಿ ಓದುಗ್ರೊಬ್ರಿಗೂ ಕೊಡ್ರಿ, ಅವ್ರಿಗಿ ಶಬ್ದ ತಿಳೀಲಿಲ್ಲಂದ್ರ ಅಡ್ಡಿಯಿಲ್ಲ, ಸೀನ್ ತಿಳೀಲಿಲ್ಲಂದ್ರ ಮಾತ್ರ ನೋಡ್ರಿ.

ಕದಿಯೋದ್ರ ಬಗ್ಗಿ: ಬರದ ಕೂಡ್ಲೇ ಕಾಪಿರೈಟ್ ನಿಮ್ದೇ, ನೋಂದಣಿ ಕಡ್ಡಾಯ ಇಲ್ಲ, ಬೇಕಂದ್ರ ಮಾಡಸ್ಬಹುದು. ಫೈಲ್ ಈಮೇಲಿನ್ಯಾಗೇ ಕಳಸ್ರಿ, ತಾರೀಖ್ ಉಳೀತದ.

ಶಹಾಪುರ_ಮಾಸ್ತರ:
ಭಾಳ ಉಪಕಾರ ಆಯ್ತ್ರಿ ಎಲ್ಲಾರ್ದು. ಡಿಟಿಪಿ ನಿಲ್ಸೀನಿ. ಇಬ್ರು ಓದಿ ಇಬ್ರೂ ಉಲ್ಟಾ ಹೇಳಿದ್ರ ಯಾರ್ ಮಾತು ಕೇಳ್ಬೇಕ್ರಿ?

ಭೀಮಾತೀರ:
ಇಬ್ರೂ ಒಂದೇ ಜಾಗದಾಗ ಎಡವ್ಯಾರೇನು ನೋಡ್ರಿ ಸರ್. ಒಬ್ರು ಉದ್ದ ಮಾಡಂದ್ರು, ಇನ್ನೊಬ್ರು ತಗೀ ಅಂದ್ರು ಅಂದ್ರ ಆ ಜಾಗದಾಗ ಏನೋ ಕೂಡಿಲ್ಲ, ಹ್ಯಾಂಗ ಸರಿ ಮಾಡೋದು ಅನ್ನೋದು ನೀವ ನೋಡ್ಕೋಬೇಕು. ಒಬ್ರಿಗಷ್ಟ ಅನಿಸಿದ್ದು ಸದ್ಯ ಬಾಜೂಕ ಇಡ್ರಿ, ಮೂರನೇದೋರು ಓದೋತನ ಮುಟ್ಟಬ್ಯಾಡ್ರಿ.