ವೋಟನ್ ಕೊಡದ ಬಿಲ್ಲು

ಮಳೆ ಹಿಡಿದ ಶನಿವಾರ. ಸೀನನ ಹೆಂಡತಿ ತವರಿಗೆ ಹೋಗಿದ್ದಳು, ಹಾಗಾಗಿ ನಾವೆಲ್ಲ ಅವನ ಮನೆಯಲ್ಲಿ ಸೇರಿದ್ದೆವು. ನಾನು, ಶೈಲಾ, ಭಟ್ರು. ಭಟ್ರು ನಮ್ಮ ವಾರಿಗೆಯವರೇ, ಆದರೆ ಶಾಲೆಯಿಂದಲೂ ಭಟ್ರೇ ಭಟ್ರೇ ಎಂದು ಕರೆದು ಕರೆದು ಈಗ ಬಹುವಚನ ಅಂಟಿಕೊಂಡುಬಿಟ್ಟಿದೆ. ಕುಮಟಾ ಕಡೆಯವರು, ಯಕ್ಷಗಾನ ಎಂದರೆ ಅರ್ಧ ಊಟಕ್ಕೆ ಎದ್ದು ಹೋಗುತ್ತಾರೆ. ಶೈಲಾಗೆ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಚಿತ್ರಗಳ ಹುಚ್ಚು. ಸೀನ ಮನೆ ಕಟ್ಟುವ ಕಂಟ್ರಾಕ್ಟರು, ಯಾವ ಮಾತು ತೆಗೆದರೂ ಕೊನೆಗೆ ಸಿಮೆಂಟಿಗೆ ತಂದು ನಿಲ್ಲಿಸುತ್ತಾನೆ. ನನಗೆ ಯಾವ ಹುಚ್ಚೂ ಇಲ್ಲ, ಮೆಣಸಿನಕಾಯಿ ಬಜ್ಜಿ ಇದ್ದರೆ ಸಾಕು.

ಶೈಲಾ ಲ್ಯಾಪ್‌ಟಾಪ್ ಬಿಚ್ಚಿ, "ಇವತ್ತು ಒಪೆರಾ ನೋಡೋಣ" ಅಂದಳು.

"ಕೊಂಬಿನ ಟೋಪಿ ಹಾಕಿಕೊಂಡು ಗಾಜು ಒಡೆಯುವ ಹಾಗೆ ಕಿರುಚುತ್ತಾರಲ್ಲ, ಅದಾ?" ಸೀನ ಬಜ್ಜಿ ತಟ್ಟೆ ತನ್ನ ಕಡೆ ಎಳೆದುಕೊಂಡ. ಎದ್ದು ಓಡಿದರೂ ಬಜ್ಜಿ ಜೊತೆಗೇ ಓಡಲಿ ಎಂಬ ಲೆಕ್ಕ.

"ಇದು ಸ್ಪೇಸ್ ಒಪೆರಾ ಕಣೋ. ರಾಕೆಟ್ಟು, ಕಡಲುಗಳ್ಳರು ಎಲ್ಲ ಇದ್ದಾರೆ."

"ಹಾಡು?"

"ಸ್ಪೇಸ್ ಒಪೆರಾದಲ್ಲಿ ಹಾಡು ಇರುವುದಿಲ್ಲ."

"ಹಾಡಿಲ್ಲದಿದ್ದರೆ ಒಪೆರಾ ಎಲ್ಲಿ ಬಂತು? ರವೆ ಹಾಕದೆ ಉಪ್ಪಿಟ್ಟು ಮಾಡಿದ ಹಾಗಾಯಿತು."

ಶೈಲಾ ಇಂಥ ಪ್ರಶ್ನೆಗೇ ಕಾಯುತ್ತಿರುತ್ತಾಳೆ. ಆ ಹೆಸರು ಹುಟ್ಟಿದ್ದೇ ಬೈಗುಳವಾಗಿಯಂತೆ. ಅಮೆರಿಕದ ರೇಡಿಯೊದಲ್ಲಿ ಸಾಬೂನು ಕಂಪನಿಗಳ ದುಡ್ಡಿನಲ್ಲಿ ಅಳುಮುಂಜಿ ಧಾರಾವಾಹಿ ಬರುತ್ತಿತ್ತು, ಅದಕ್ಕೆ ಸೋಪ್ ಒಪೆರಾ ಅಂದರು. ಕುದುರೆ ಹತ್ತಿ ಗುಂಡು ಹಾರಿಸುವ ಸಿನಿಮಾಗಳಿಗೆ ಹಾರ್ಸ್ ಒಪೆರಾ ಅಂದರು. 1941ರಲ್ಲಿ ವಿಲ್ಸನ್ ಟಕರ್ ಎಂಬ ಬರಹಗಾರ, ಅದೇ ಮೊಸರನ್ನು ಮತ್ತೆ ಮತ್ತೆ ಕಡೆಯುವ ರಾಕೆಟ್ ಕಥೆಗಳನ್ನು ಸ್ಪೇಸ್ ಒಪೆರಾ ಎಂದು ಹಂಗಿಸಿದ. ಬೈಸಿಕೊಂಡವರು ಆಮೇಲೆ ಆ ಹೆಸರನ್ನೇ ಬಿರುದಿನ ಹಾಗೆ ಎದೆಗೆ ಸಿಕ್ಕಿಸಿಕೊಂಡರು.

"ಅಂದರೆ ಸಾಬೂನು ಆಯಿತು, ಕುದುರೆ ಆಯಿತು, ರಾಕೆಟ್ಟೂ ಆಯಿತು. ಹಾಡು ಮಾತ್ರ ಎಲ್ಲೂ ಇಲ್ಲ" ಎಂದು ಸೀನ ಲೆಕ್ಕ ಕೊಟ್ಟ.

"ಅದಕ್ಕೇ ಇದನ್ನು ತಂದಿದ್ದು. ಲೈಜಿ ಮಾತ್ಸುಮೊತೊ ಅಂತ ಜಪಾನಿನ ಚಿತ್ರಕಥೆಗಾರರೊಬ್ಬರಿದ್ದರು, 2023ರಲ್ಲಿ ತೀರಿಕೊಂಡರು. ಅವರು ನಿಜವಾದ ಒಪೆರಾ ಕಥೆಯನ್ನೇ ಎತ್ತಿ ತಮ್ಮ ಬಾಹ್ಯಾಕಾಶದ ಹಡಗಿಗೆ ತುಂಬಿಬಿಟ್ಟರು. ಜರ್ಮನಿಯ ಸಂಗೀತಗಾರ ವಾಗ್ನರ್ ಬರೆದ ನಿಬೆಲುಂಗನ ಉಂಗುರದ ಕಥೆ."

ಹಾಕಿದಳು. ಹಾರ್ಲಾಕ್ ಸಾಗಾ, 1999ರದ್ದು, ಆರೇ ಕಂತು. ತೆರೆಯ ಮೇಲೆ ಕ್ಯಾಪ್ಟನ್ ಹಾರ್ಲಾಕ್ ಬಂದ. ಒಂದು ಕಣ್ಣಿಗೆ ಕಪ್ಪು ಪಟ್ಟಿ, ಕೆನ್ನೆ ಮೇಲೆ ಗಾಯದ ಗೆರೆ, ಕಾಲಿನವರೆಗೂ ಕಪ್ಪು ಮೇಲಂಗಿ, ಹಡಗಿನ ಮೇಲೆ ತಲೆಬುರುಡೆ ಬಾವುಟ. ಆ ಹಡಗನ್ನು ನೋಡಬೇಕು ನೀವು. ಮುಂದೆ ರಾಕೆಟ್ಟು, ಹಿಂದೆ ಹಳೇ ಕಾಲದ ಮರದ ಹಡಗಿನ ಹಿಂಭಾಗ, ಕಿಟಕಿ ಸಮೇತ.

"ಆ ಬಾವುಟ ಯಾಕೆ ಹಾರುತ್ತಿದೆ? ಅಲ್ಲಿ ಗಾಳಿ ಇಲ್ಲವಲ್ಲ" ಎಂದು ನಾನು ಕೇಳಿದೆ.

"ನಾಯಕನ ಬಾವುಟ ಹಾರಲೇಬೇಕು" ಎಂದು ಭಟ್ರು ತೀರ್ಪು ಕೊಟ್ಟರು. "ನಮ್ಮ ಆಟದಲ್ಲಿ ಎರಡು ಸುತ್ತು ಕುಣಿದರೆ ಅಯೋಧ್ಯೆಯಿಂದ ಕಾಡು ಬರುತ್ತದೆ. ನೀನು ಯಾವತ್ತಾದರೂ ಕಿಲೋಮೀಟರ್ ಕೇಳಿದ್ದೀಯಾ ಮಾರಾಯ?"

ಕೇಳಿರಲಿಲ್ಲ. ಸುಮ್ಮನಾದೆ.

ಮೊದಲ ಕಂತು ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿಗೆ ಅನಿಮೆಯ ನಾಯಕರ ಸಹನಶಕ್ತಿ ಇರಲಿಲ್ಲ, ಅದೂ ಕಣ್ಣು ಮುಚ್ಚಿತು. ಸೀನ ಮೇಣದಬತ್ತಿ ಹಚ್ಚಿದ. ಮುಂದಿನ ಕಥೆಯನ್ನು, ಅಂದರೆ ವಾಗ್ನರನ ಮೂಲ ಕಥೆಯನ್ನು, ಶೈಲಾ ಬಾಯಲ್ಲೇ ಹೇಳತೊಡಗಿದಳು. ನಿಜ ಹೇಳಬೇಕೆಂದರೆ ಆಮೇಲೆ ನಡೆದದ್ದೇ ಜಾಸ್ತಿ ಮಜಾ.

ರೈನ್ ನದಿಯ ತಳದಲ್ಲಿ ಚಿನ್ನ. ಕಾವಲಿಗೆ ಮೂವರು ಜಲಕನ್ಯೆಯರು. ಆಲ್ಬೆರಿಖ್ ಎಂಬ ಕುಳ್ಳ, ನಿಬೆಲುಂಗ ಅಂದರೆ ಅವನೇ, ಬಂದು ಮೂವರ ಹಿಂದೆಯೂ ಸುತ್ತುತ್ತಾನೆ, ಮೂವರೂ ಗೇಲಿ ಮಾಡುತ್ತಾರೆ. ಗೇಲಿಯ ಭರದಲ್ಲಿ ಒಂದು ಗುಟ್ಟನ್ನೂ ಬಾಯಿ ಬಿಡುತ್ತಾರೆ. ಯಾರು ಪ್ರೀತಿಯನ್ನು ಬಿಟ್ಟುಬಿಡುತ್ತೇನೆಂದು ಆಣೆ ಮಾಡುತ್ತಾನೋ ಅವನು ಈ ಚಿನ್ನದಲ್ಲಿ ಉಂಗುರ ಮಾಡಬಹುದು, ಲೋಕವನ್ನೇ ಆಳಬಹುದು. ಆಲ್ಬೆರಿಖ್ ಅಲ್ಲೇ ಪ್ರೀತಿ ಬಿಟ್ಟ, ಚಿನ್ನ ಕಿತ್ತುಕೊಂಡು ಹೋದ.

"ಲಾಕರಿನ ನಂಬರನ್ನು ಕಳ್ಳನಿಗೇ ಹೇಳಿದರಲ್ಲ" ಅಂದ ಸೀನ.

"ಅತ್ತ ಮೇಲೆ ದೇವತೆಗಳ ರಾಜ ವೋಟನ್. ಅವನಿಗೂ ಒಂದೇ ಕಣ್ಣು. ಒಂದು ದೊಡ್ಡ ಅರಮನೆ ಕಟ್ಟಿಸಿದ್ದಾನೆ, ವಾಲ್ಹಾಲಾ. ಕಟ್ಟಿದವರು ಫಾಸೋಲ್ಟ್, ಫಾಫ್ನರ್ ಅಂತ ಇಬ್ಬರು ದೈತ್ಯರು, ಅಣ್ಣ ತಮ್ಮ."

ಸೀನ ನೆಟ್ಟಗೆ ಕೂತ. "ಎಷ್ಟು ಚದರ?"

"ಅದನ್ನು ವಾಗ್ನರ್ ಹೇಳಿಲ್ಲ. ಕೂಲಿ ಮಾತ್ರ ಹೇಳಿದ್ದಾನೆ. ವೋಟನ್‌ನ ನಾದಿನಿ ಫ್ರೇಯಾಳನ್ನು ಕೊಡುತ್ತೇನೆ ಎಂದು ಒಪ್ಪಂದ. ಬೆಳಗಾಗುವಷ್ಟರಲ್ಲಿ ಮನೆ ರೆಡಿ. ದೈತ್ಯರು ಬಂದು ಕೂಲಿ ಕೇಳಿದರೆ ವೋಟನ್ ಏನಂದ ಗೊತ್ತಾ? ಅಯ್ಯೋ, ಅದು ತಮಾಷೆಗೆ ಅಂದಿದ್ದು, ಬೇರೆ ಏನಾದರೂ ಕೇಳಿ ಅಂದ."

ಸೀನ ಬಜ್ಜಿ ಕೆಳಗಿಟ್ಟ. ಅವನು ಬಜ್ಜಿ ಕೆಳಗಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇದು ಪುರಾಣ ಅಲ್ಲ. ಇದು ನಮ್ಮ ಲೇಔಟಿನ ಕಥೆ" ಅಂದ. ಆಮೇಲೆ ಹತ್ತು ನಿಮಿಷ ಅವನದೇ ಪ್ರಸಂಗ. ಯಾರೋ ಒಬ್ಬರ ಮನೆ ಮುಗಿಸಿ ಎಂಟು ತಿಂಗಳಾಗಿದೆ. ಗೃಹಪ್ರವೇಶವಾಗಿದೆ, ಸೀನನೇ ಹೋಗಿ ಹೋಳಿಗೆ ಊಟ ಮಾಡಿ ಬಂದಿದ್ದಾನೆ. ಕೊನೇ ಕಂತಿನ ಬಿಲ್ ಮಾತ್ರ ಇನ್ನೂ ಬಂದಿಲ್ಲ. ಕೇಳಿದಾಗಲೆಲ್ಲ ಸ್ನಾನದ ಮನೆಯ ಟೈಲ್ಸ್ ಸರಿ ಇಲ್ಲ, ಮೆಟ್ಟಿಲು ವಾಸ್ತು ಪ್ರಕಾರ ಇಲ್ಲ ಎಂಬ ಹೊಸ ಹೊಸ ತಕರಾರು.

"ಆ ದೈತ್ಯರ ಬಿಲ್ಲು ಕೊನೆಗೂ ಪಾಸಾಯಿತೋ ಇಲ್ಲವೋ? ಅದನ್ನು ಹೇಳು" ಅಂದ.

"ಬಿಲ್ಲೋ ಬಾಣವೋ?" ಭಟ್ರಿಗೆ ಶ್ಲೇಷೆ ಸಿಕ್ಕರೆ ಬಿಡುವ ಜಾಯಮಾನ ಅಲ್ಲ. "ಶಿವನ ಬಿಲ್ಲನ್ನು ರಾಮನೊಬ್ಬ ಮುರಿದ. ಈ ಬಿಲ್ಲನ್ನು ದಿನಾ ಎಲ್ಲರೂ ಮುರಿಯುತ್ತಾರೆ."

ದೈತ್ಯರು ಫ್ರೇಯಾಳನ್ನು ಎಳೆದುಕೊಂಡು ಹೋದರು. ತೊಂದರೆ ಶುರುವಾಗಿದ್ದು ಅಲ್ಲಿ. ದೇವತೆಗಳನ್ನು ಮುದಿಯಾಗದಂತೆ ಇಟ್ಟಿದ್ದ ಚಿನ್ನದ ಸೇಬಿನ ತೋಟ ನೋಡಿಕೊಳ್ಳುತ್ತಿದ್ದವಳು ಅವಳೇ. ಅವಳು ಹೋದದ್ದೇ ತಡ, ದೇವತೆಗಳಿಗೆ ಸುಸ್ತು, ಮುಖ ಬಿಳಿಚಿಕೊಂಡಿತು. ಈಗ ವೋಟನ್ ಅವಸರದಲ್ಲಿ ಸಾಲಕ್ಕೆ ಓಡಿದ. ಸಾಲ ಅಂದರೆ ಕಳ್ಳತನ. ಅವನಿಗೆ ಲೋಗೆ ಎಂಬ ಒಬ್ಬ ಸಲಹೆಗಾರ, ಬೆಂಕಿಯ ದೇವತೆ, ನಾರದನಿಗೂ ಶಕುನಿಗೂ ನಡುವೆ ಎಲ್ಲೋ ನಿಲ್ಲುವಂಥವನು. ಇಬ್ಬರೂ ಪಾತಾಳಕ್ಕಿಳಿದು ಆಲ್ಬೆರಿಖನನ್ನು ಉಬ್ಬಿಸಿದರು. ಅವನ ಹತ್ತಿರ ರೂಪ ಬದಲಿಸುವ ಮಾಯಾ ಶಿರಸ್ತ್ರಾಣ ಇತ್ತು. ಮೊದಲು ದೊಡ್ಡ ಹಾವಾಗಿ ಹೆದರಿಸಿದ. ಅಬ್ಬಾ, ದೊಡ್ಡದಾಗುವುದು ಸುಲಭ, ಚಿಕ್ಕದಾಗಲು ಬರುತ್ತದಾ ಅಂದರು. ಅವನು ಕಪ್ಪೆಯಾದ. ವೋಟನ್ ಕಾಲಿಟ್ಟು ಅಮುಕಿದ.

"ಭಸ್ಮಾಸುರ!" ಭಟ್ರು ತೊಡೆ ತಟ್ಟಿದರು. "ಹೊಗಳಿಕೆಯಿಂದಲೇ ಸತ್ತ ಜಾತಿ. ಎಲ್ಲಾ ದೇಶದಲ್ಲೂ ಇದ್ದಾರೆ."

ಕೊನೆಗೆ ಲೆಕ್ಕ ಚುಕ್ತಾ ಆಗುವ ದೃಶ್ಯವನ್ನು ಶೈಲಾ ದಿಂಬುಗಳಲ್ಲಿ ಮಾಡಿ ತೋರಿಸಿದಳು. ಫ್ರೇಯಾ ಕಾಣದಷ್ಟು ಎತ್ತರಕ್ಕೆ ಚಿನ್ನ ಪೇರಿಸಬೇಕು. ಪೇರಿಸಿದರು. ಕೂದಲು ಕಾಣುತ್ತಿದೆ ಅಂದ ಫಾಫ್ನರ್, ಶಿರಸ್ತ್ರಾಣವನ್ನೂ ಇಟ್ಟರು. ಫಾಸೋಲ್ಟ್ ಬಗ್ಗಿ ನೋಡಿದ, ಸಂದಿಯಲ್ಲಿ ಅವಳ ಕಣ್ಣು ಕಾಣುತ್ತಿದೆ ಅಂದ. ಆ ಸಂದಿಗೆ ಉಂಗುರವೇ ಬೇಕಾಯಿತು. ಆಲ್ಬೆರಿಖ್ ಶಪಿಸಿ ಬಿಟ್ಟಿದ್ದ ಉಂಗುರ. ಕೈಗೆ ಬಂದ ಮರುಗಳಿಗೆಯೇ ಅಣ್ಣ ತಮ್ಮ ಹೊಡೆದಾಡಿ ಫಾಫ್ನರ್ ಫಾಸೋಲ್ಟನನ್ನು ಕೊಂದ.

"ಅದೇ ಸರಿಯಾದ ಅಳತೆ. ಸಂದಿ ಬಿಟ್ಟರೆ ನೀರು ಸೋರುತ್ತದೆ" ಅಂದ ಸೀನ. ಪಾರ್ಟ್ನರ್‌ಶಿಪ್ಪಿನ ಬಗ್ಗೆ ಏನೂ ಅನ್ನಲಿಲ್ಲ. ಅವನಿಗೂ ಒಬ್ಬ ತಮ್ಮ ಇದ್ದಾನೆ.

ಇದಿಷ್ಟು ನಾಲ್ಕು ಒಪೆರಾಗಳಲ್ಲಿ ಮೊದಲನೆಯದು ಮಾತ್ರ, ರೈನ್ ಚಿನ್ನ. ಹಾರ್ಲಾಕ್‌ನ ಆ ಆರು ಕಂತುಗಳೂ ಇದನ್ನೇ ಹಿಡಿದಿವೆ. ನಾಲ್ಕನ್ನೂ ಕೂಡಿಸಿದರೆ ಸುಮಾರು 15 ಗಂಟೆ, ಅದೂ ನಾಲ್ಕು ರಾತ್ರಿಗೆ ಹಂಚಿ. ವಾಗ್ನರ್ 1848ರಲ್ಲಿ ಹಿಡಿದ ಕೆಲಸ ಮುಗಿದದ್ದು 1874ರಲ್ಲಿ.

"26 ವರ್ಷ! ನನಗೆ ಎಂಟು ತಿಂಗಳಿಗೇ ನೋಟಿಸ್ ಕೊಡುತ್ತಾರೆ" ಎಂದು ಸೀನನ ಗೋಳು.

ಇದಕ್ಕೆಂದೇ ವಾಗ್ನರ್ ಜರ್ಮನಿಯ ಬೈರಾಯ್ಟ್‌ನಲ್ಲಿ ರಂಗಮಂದಿರ ಕಟ್ಟಿಸಿದ. 1876ರ ಆಗಸ್ಟ್‌ನಲ್ಲಿ ನಾಲ್ಕನ್ನೂ ಒಟ್ಟಿಗೆ ಆಡಿಸಿದ. ಶೈಲಾಗೆ ಇಲ್ಲಿಂದ ಉಸಿರು ನಿಲ್ಲಲಿಲ್ಲ. ಯೋಚಿಸಿ, ಆ ಮನುಷ್ಯ ರಂಗದ ಮೇಲೆ ಏನೇನು ಕೇಳಿದ್ದಾನೆ! ನೀರಿನೊಳಗೆ ಈಜುತ್ತಾ ಹಾಡುವ ಹುಡುಗಿಯರು, ಕಾಮನಬಿಲ್ಲಿನ ಸೇತುವೆ, ಹಾವಾಗಿ ಕಪ್ಪೆಯಾಗುವ ಕುಳ್ಳ. ಮಾಡಿದ್ದು ಹೇಗೆ? ಹುಡುಗಿಯರನ್ನು ಚಕ್ರದ ಗಾಡಿಗಳ ಮೇಲೆ ಎತ್ತರಕ್ಕೆ ಕಟ್ಟಿ, ಕೆಳಗಿನಿಂದ ಆಳುಗಳು ತಳ್ಳುತ್ತಿದ್ದರು. ಮೊದಲ ರಾತ್ರಿಯೇ ಯಾರೋ ಪರದೆಯನ್ನು ಬೇಗ ಎತ್ತಿಬಿಟ್ಟು, ಹಿಂದೆ ಬರೀ ಅಂಗಿಯಲ್ಲಿ ನಿಂತಿದ್ದ ಕೆಲಸಗಾರರು ಸಭಿಕರಿಗೆಲ್ಲ ಕಂಡರು. ಮೂರನೇ ಒಪೆರಾಗೆ ಬೇಕಾದ ಡ್ರ್ಯಾಗನ್ ಲಂಡನ್ನಿನಲ್ಲಿ ತಯಾರಾಗಿತ್ತು. ಅದರ ಕುತ್ತಿಗೆ ಮಾತ್ರ ಬೈರಾಯ್ಟ್ ಬದಲು ಲೆಬನಾನಿನ ಬೈರೂತ್‌ಗೆ ಹೋಯಿತು ಎಂಬ ಕಥೆಯನ್ನು ಇವತ್ತಿಗೂ ಹೇಳುತ್ತಾರೆ.

"ಪಾರ್ಸೆಲ್ ಸಮಸ್ಯೆ ಆಗಲೂ ಇತ್ತು ಅನ್ನು" ಅಂದೆ ನಾನು. ಬಹಳ ಹೊತ್ತಿನಿಂದ ಏನೂ ಮಾತಾಡಿರಲಿಲ್ಲ.

"ಅದಕ್ಕೇ ಹೇಳುವುದು, ವಾಗ್ನರ್‌ಗೆ ಬೇಕಿದ್ದದ್ದು ನಾಟಕದ ಕಂಪನಿ ಅಲ್ಲ, ಅನಿಮೆ ಸ್ಟುಡಿಯೊ. ನೂರು ವರ್ಷ ಮುಂಚೆ ಹುಟ್ಟಿಬಿಟ್ಟ. ಚಿತ್ರ ಬರೆದರೆ ಗಾಡಿ ಬೇಡ, ತಳ್ಳುವ ಆಳು ಬೇಡ. ವಾದ್ಯದವರನ್ನು ಕಾಣದ ಹಾಗೆ ವೇದಿಕೆ ಕೆಳಗೆ ಅಡಗಿಸಿ ಕೂರಿಸಿದ, ಸಭೆಯ ದೀಪ ಇಳಿಸಿದ, ಪ್ರತಿ ಪಾತ್ರಕ್ಕೂ ವಸ್ತುವಿಗೂ ಒಂದೊಂದು ರಾಗದ ತುಣುಕು ಕಟ್ಟಿದ. ಇದು ಸಿನಿಮಾ ಅಲ್ಲದೆ ಇನ್ನೇನು?"

"ನಮ್ಮ ಬಣ್ಣದ ವೇಷ ಚೌಕಿಯಿಂದ ಹೊರಡುವಾಗಲೇ ಚೆಂಡೆ ಕೇಳಿ ಮಕ್ಕಳು ಅಮ್ಮನ ಸೆರಗಿನೊಳಗೆ ಹೋಗುತ್ತಾರೆ, ಅದೇನು ಮತ್ತೆ?" ಎಂದರು ಭಟ್ರು. "ಆದರೆ ನಾವು ಭಾಗವತರನ್ನು ಅಡಗಿಸುವುದಿಲ್ಲ. ರಂಗದ ಮೇಲೇ ಕೂರಿಸುತ್ತೇವೆ. ಅವರಿಲ್ಲದೆ ರಾಮನೂ ಕಾಡಿಗೆ ಹೋಗುವುದಿಲ್ಲ."

ಇಲ್ಲಿ ಒಂದು ಜಗಳವೇ ಆಯಿತು. ಹಾಡು ತೆಗೆದ ಮೇಲೆ ಒಪೆರಾದಲ್ಲಿ ಏನು ಉಳಿಯುತ್ತದೆ ಎಂದು ಭಟ್ರ ವಾದ. ನಿಧಾನ ಉಳಿಯುತ್ತದೆ ಎಂದು ಶೈಲಾ. ಒಪೆರಾದಲ್ಲಿ ಚೂರಿ ಚುಚ್ಚಿಸಿಕೊಂಡವನು ಎರಡು ಪುಟ ಹಾಡಿಯೇ ಸಾಯುತ್ತಾನೆ. ಅನಿಮೆಯಲ್ಲಿ ಕ್ಷಿಪಣಿ ಬರುತ್ತಿದ್ದರೂ ನಾಯಕ ಕಿಟಕಿಯಲ್ಲಿ ನಿಂತು ಗೆಳೆತನದ ಬಗ್ಗೆ ಮಾತಾಡುತ್ತಾನೆ. ಹಾರ್ಲಾಕ್‌ನ ಗೆಳೆಯ ತೊಚಿರೊ, ಕುಳ್ಳ, ದುಂಡು ಕನ್ನಡಕ, ಆ ಹಡಗು ಕಟ್ಟಿದವನೇ ಅವನು. 1978ರ ಹಳೆಯ ಟಿವಿ ಸರಣಿಯಲ್ಲಿ ಅವನು ಆಗಲೇ ಸತ್ತಿದ್ದಾನೆ, ಜೀವ ಮಾತ್ರ ಹಡಗಿನ ಕಂಪ್ಯೂಟರಿನಲ್ಲಿದೆ. ಹಾರ್ಲಾಕ್ ಹೋಗಿ ಅದರ ಜೊತೆ ಮಾತಾಡಿಕೊಂಡು ಬರುತ್ತಾನೆ.

"ಕಟ್ಟಿದವನಿಗೆ ಕಟ್ಟಡದಲ್ಲೇ ಜಾಗ ಕೊಟ್ಟರು. ಇವರೇ ಮನುಷ್ಯರು" ಎಂದು ಸೀನ ಕಣ್ಣೊರೆಸಿಕೊಂಡ. ಮೆಣಸಿನಕಾಯಿಯ ಖಾರ ಇರಬಹುದು.

ಮೀಮೆಯ ಕಥೆ ಇನ್ನೂ ಚೆನ್ನಾಗಿದೆ. ವಾಗ್ನರನಲ್ಲಿ ಮೀಮೆ ಆಲ್ಬೆರಿಖನ ತಮ್ಮ, ಗೊಣಗುವ ಕಮ್ಮಾರ. ಮಾತ್ಸುಮೊತೊ ಅದೇ ಹೆಸರನ್ನು ಬೇರೆ ಗ್ರಹದ ಒಬ್ಬ ಹೆಣ್ಣಿಗೆ ಇಟ್ಟರು. ಉದ್ದ ಕೂದಲು, ಕೈಯಲ್ಲಿ ಹಾರ್ಪು, ಹಳೆಯ ಸರಣಿಯಲ್ಲಿ ಅವಳಿಗೆ ಬಾಯಿಯೇ ಕಾಣುವುದಿಲ್ಲ. ಅವಳ ಆಹಾರ ಬರೀ ಮದ್ಯ.

"ಬಾಯಿಲ್ಲದೆ ಕುಡಿಯುವುದು ಹೇಗೆ?" ಎಂದು ನಾನೂ ಸೀನನೂ ಒಟ್ಟಿಗೇ ಕೇಳಿದೆವು. ಭಟ್ರು ಕೇಳಲಿಲ್ಲ, ಆದರೆ ಕಿವಿ ಮಾತ್ರ ಇತ್ತ ಇತ್ತು.

ಗ್ರೀಕರದ್ದೂ ಒಂದಿದೆ ಎಂದು ಶೈಲಾ ಮುಂದುವರಿಸಿದಳು. ಯುಲಿಸಿಸ್ 31. ಫ್ರಾನ್ಸಿನವರೂ ಜಪಾನಿನವರೂ ಸೇರಿ 1981ರಲ್ಲಿ ಮಾಡಿದ್ದು, 26 ಕಂತು. ಯುಲಿಸಿಸ್ 31ನೇ ಶತಮಾನದಲ್ಲಿದ್ದಾನೆ. ಮಗನನ್ನು ಉಳಿಸಲು ಒಕ್ಕಣ್ಣ ರಾಕ್ಷಸನನ್ನು ಕೊಂದ, ದೇವತೆಗಳಿಗೆ ಕೋಪ ಬಂತು. ಜೊತೆಗಾರರು ಮರಗಟ್ಟಿ ಹೋದರು, ಹಡಗಿನ ಕಂಪ್ಯೂಟರಿಗೆ ಭೂಮಿಯ ದಾರಿ ಮರೆತೇ ಹೋಯಿತು.

"ಮ್ಯಾಪ್ ಹಾಕಿಕೊಂಡು ಕೆರೆಗೆ ಇಳಿದ ಹಾಗೆ" ಅಂದೆ.

ಇನ್ನೊಂದು, ಗ್ಯಾಲಕ್ಟಿಕ್ ಹೀರೋಗಳ ದಂತಕಥೆ, 110 ಕಂತು. ಅದರಲ್ಲಿ ರಾಜಕುಮಾರನಂಥ ಸೇನಾಪತಿಯ ಹಡಗಿನ ಹೆಸರು ಬ್ರೂನ್‌ಹಿಲ್ಡ್, ಇನ್ನೊಬ್ಬನದು ಟ್ರಿಸ್ಟಾನ್, ಎರಡೂ ವಾಗ್ನರನ ಒಪೆರಾದ ಪಾತ್ರಗಳೇ. ಯುದ್ಧ ನಡೆಯುತ್ತಿದ್ದರೆ ಹಿಂದೆ ಮಾಹ್ಲರ್, ಬ್ರುಕ್ನರ್ ಸಂಗೀತ. ಭಟ್ರು ಇದನ್ನು ಮಾತ್ರ ಬರೆದುಕೊಂಡರು. ನೋಡುತ್ತಾರೆ ಎಂಬ ನಂಬಿಕೆ ನನಗಿಲ್ಲ, 110 ಎಂಬ ಸಂಖ್ಯೆ ಹಿಡಿಸಿರಬೇಕು. ಇಡೀ ರಾತ್ರಿ ಆಟ ನೋಡುವವರಿಗೆ ಉದ್ದ ಎಂದರೆ ಪ್ರೀತಿ.

"ಆ ವಾಗ್ನರ್ ನಮ್ಮ ಕಡೆಯ ಕಥೆ ಏನೂ ಮುಟ್ಟಲಿಲ್ಲವಾ?" ಎಂದು ಕೇಳಿದವರೂ ಅವರೇ.

ಮುಟ್ಟಿದ್ದ. 1856ರಲ್ಲಿ ಬುದ್ಧನ ಶಿಷ್ಯ ಆನಂದ ಮತ್ತು ಪ್ರಕೃತಿ ಎಂಬ ಹುಡುಗಿಯ ಕಥೆಗೆ ಒಂದು ಪುಟ್ಟ ಕರಡು ಮಾಡಿದ್ದನಂತೆ. ಒಪೆರಾ ಬರೆಯಲೇ ಇಲ್ಲ.

"ಬರೆದಿದ್ದರೆ ಮಾತ್ಸುಮೊತೊ ಆನಂದನಿಗೂ ಒಂದು ಕಪ್ಪು ಮೇಲಂಗಿ ಹೊದಿಸುತ್ತಿದ್ದರು" ಎಂದು ಭಟ್ರು ನಿಟ್ಟುಸಿರು ಬಿಟ್ಟರು.

ಅಷ್ಟರಲ್ಲಿ ಸೀನನ ಫೋನು ಹೊಡೆದುಕೊಂಡಿತು. ಕತ್ತಲಲ್ಲಿ ತೆರೆ ಹೊಳೆಯಿತು, ಎಲ್ಲರಿಗೂ ಹೆಸರು ಕಂಡಿತು. ವೋಟನ್. ಶೈಲಾ ಸೇಬಿನ ತೋಟದ ಕಥೆ ಹೇಳುತ್ತಿದ್ದಾಗಲೇ ಮೆಲ್ಲಗೆ ಬದಲಿಸಿಕೊಂಡಿದ್ದಾನೆ.

ಸೀನ ಸ್ಪೀಕರಿಗೆ ಹಾಕಿದ. ಆ ಕಡೆಯಿಂದ ಮೃದುವಾದ ದನಿ. "ಏನಪ್ಪಾ ಶ್ರೀನಿವಾಸ, ನಿನ್ನ ಲೆಕ್ಕ ಚುಕ್ತಾ ಮಾಡೋಣ ಅಂತಿದ್ದೆ. ಅದಕ್ಕೆ ಮುಂಚೆ ತಾರಸಿ ಸ್ವಲ್ಪ ಸೋರುತ್ತಿದೆ, ನಾಳೆ ಬಂದು ನೋಡಿಬಿಡು."

ಸೀನ ಗಂಟಲು ಸರಿಮಾಡಿಕೊಂಡ. "ಬರುತ್ತೇನೆ ಸರ್. ಮನೆಯಲ್ಲಿ ಚಿನ್ನ ಎಷ್ಟಿದೆ?"

"ಏನು?"

"ಚಿನ್ನ ಸರ್. ಸಂದಿ ಮುಚ್ಚುವುದಕ್ಕೆ."

ಭಟ್ರು ತೊಡೆಯ ಮೇಲೆ ಚೆಂಡೆ ಬಾರಿಸಲು ಶುರು ಮಾಡಿದರು.