ಉರಿಯೂತದಲ್ಲಿ ಇಲಿಯ ಕೊಲೆಸ್ಟ್ರಾಲ್ ಏರುತ್ತದೆ, ನಮ್ಮವ್ವನದು ಇಳಿದಿದೆ: ಏಕೆ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ಬೀದರ್):
ಶರಣು ಸರ್. ಸಂಧಿವಾತ ಉಲ್ಬಣಿಸಿದ್ದ ವಾರದಲ್ಲಿ ನಮ್ಮವ್ವನ ರಕ್ತ ಪರೀಕ್ಷೆ ಮಾಡಿಸಿದಾಗ ಕೊಲೆಸ್ಟ್ರಾಲ್ ಮೊದಲಿಗಿಂತ ಕಡಿಮೆ ಬಂತು. ಆದರೆ ಉರಿಯೂತ ಉಂಟುಮಾಡಿದ ಇಲಿಗಳಲ್ಲಿ ಅದು ಏರುತ್ತದೆ ಎಂದು ಪಾಠದಲ್ಲಿ ಓದಿದ್ದೇನೆ. ಯಾವುದು ಸರಿ?

ಉತ್ತರ (ಜೀವರಸಾಯನಶಾಸ್ತ್ರ ಅಧ್ಯಾಪಕ, ಕಲಬುರಗಿ):
ಎರಡೂ ಸರಿ, ತಂಗಿ. ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ ಎಂಬ ವಿಷ ಚುಚ್ಚಿದ ಇಲಿಯಲ್ಲಿ (ಮೌಸ್) ಕೊಲೆಸ್ಟ್ರಾಲ್ ತಯಾರಿಸುವ ಯಕೃತ್ತಿನ ಕಿಣ್ವ ಚುರುಕಾಗುವುದರಿಂದ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಮನುಷ್ಯರಲ್ಲಿ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತೊಯ್ಯುವ ಕಣಗಳಾದ ಎಲ್‌ಡಿಎಲ್, ಎಚ್‌ಡಿಎಲ್ ಎರಡೂ ಇಳಿಯುತ್ತವೆ. ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ ಮಾತ್ರ ಇಬ್ಬರಲ್ಲೂ ಏರುತ್ತದೆ. ಇಲಿಯ ಕೊಲೆಸ್ಟ್ರಾಲಿನ ಬಹುಪಾಲು ಎಚ್‌ಡಿಎಲ್‌ನಲ್ಲಿರುತ್ತದೆ, ಕೊಲೆಸ್ಟ್ರಾಲನ್ನು ಒಂದು ಕಣದಿಂದ ಇನ್ನೊಂದಕ್ಕೆ ಸಾಗಿಸುವ ಸಿಇಟಿಪಿ ಎಂಬ ಪ್ರೋಟೀನ್ ಅದಕ್ಕಿಲ್ಲ ಎಂಬುದನ್ನೂ ಮರೆಯಬಾರದು.

ಆದರೆ ನನ್ನ ದೃಷ್ಟಿಯಲ್ಲಿ ಮೊತ್ತಕ್ಕಿಂತ ಮುಖ್ಯವಾದದ್ದು ಎಚ್‌ಡಿಎಲ್ ಕಣದ ಮೇಲಿನ ಪ್ರೋಟೀನುಗಳ ಅದಲುಬದಲು. ಉರಿಯೂತದ ಸಂದೇಶ ತಲುಪಿದ ಯಕೃತ್ತು ಸೀರಮ್ ಅಮೈಲಾಯ್ಡ್ ಎ ಎಂಬ ಪ್ರೋಟೀನನ್ನು ಸುರಿಯತೊಡಗುತ್ತದೆ. ಸುಮಾರು ಒಂದು ದಿನದೊಳಗೆ ಅದರ ಪ್ರಮಾಣ 1000 ಪಟ್ಟಿನವರೆಗೂ ಏರಬಲ್ಲದು. ಅದು ಹೋಗಿ ಕೂರುವುದು ಎಚ್‌ಡಿಎಲ್ ಮೇಲೆಯೇ. ಅಲ್ಲಿ ಮೊದಲಿದ್ದ, ಎಚ್‌ಡಿಎಲ್‌ನ ಮುಖ್ಯ ಪ್ರೋಟೀನಾದ ಅಪೊ ಎ-1 ಜಾಗ ಬಿಡಬೇಕಾಗುತ್ತದೆ, ಕೊಬ್ಬು ಕೆಡದಂತೆ ಕಾಯುವ ಪ್ಯಾರಾಆಕ್ಸೊನೇಸ್ ಎಂಬ ಕಿಣ್ವ ಕೂಡ ಕಡಿಮೆಯಾಗುತ್ತದೆ. ಹೀಗಾಗಿ ಕಣ ಅದೇ ಹೆಸರಿನದಾಗಿದ್ದರೂ ಅದರ ಕೆಲಸ ಮೊದಲಿನಂತಿರುವುದಿಲ್ಲ. ಮನುಷ್ಯರಲ್ಲಿಯೂ ಇದೇ ನಡೆಯುತ್ತದೆ. ಆದ್ದರಿಂದ ಅವ್ವನ ಕೊಲೆಸ್ಟ್ರಾಲ್ ಇಳಿದಿದೆ ಎಂದು ಹೃದಯದ ಅಪಾಯ ತಗ್ಗಿತೆಂದು ದಯವಿಟ್ಟು ತಿಳಿಯಬೇಡಿ. ರುಮಟಾಯ್ಡ್ ಸಂಧಿವಾತವಾಗಿದ್ದರೆ ಆ ಅಪಾಯ ಸಾಮಾನ್ಯರಿಗಿಂತ ಹೆಚ್ಚೇ ಇರುತ್ತದೆ. ಬಾವು ಶಮನವಾದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ಎರಡೂ ವರದಿಗಳನ್ನು ವೈದ್ಯರಿಗೆ ತೋರಿಸಿ.

ಮರುಪ್ರಶ್ನೆ:
ಬಹಳ ಉಪಕಾರವಾಯಿತು, ಸರ್. ನನ್ನ ಪ್ರಯೋಗದ ಇಲಿಗಳಲ್ಲಿ ಉರಿಯೂತವನ್ನು ಸಿಆರ್‌ಪಿಯಿಂದ (ಮನುಷ್ಯರಲ್ಲಿ ಉರಿಯೂತವಾದಾಗ ರಕ್ತದಲ್ಲಿ ಏರುವ ಪ್ರೋಟೀನ್) ಅಳೆಯಬಹುದೇ?

ಉತ್ತರ:
ಬೇಡ. ಇಲಿಯಲ್ಲಿ ಸಿಆರ್‌ಪಿ ಅಷ್ಟಾಗಿ ಏರುವುದಿಲ್ಲ. ಸೀರಮ್ ಅಮೈಲಾಯ್ಡ್ ಎ ಅಥವಾ ಪಿ ಅಳೆಯಿರಿ. ಇಲಿಯ ತಳಿಯನ್ನೂ ತಪ್ಪದೆ ಬರೆದಿಡಿ, ಏಕೆಂದರೆ ಎಚ್‌ಡಿಎಲ್‌ನ ಫಾಸ್ಫೊಲಿಪಿಡ್ ಎಂಬ ಕೊಬ್ಬನ್ನು ಒಡೆಯುವ ಒಂದು ಕಿಣ್ವ, ಎರಡು-ಎ ಗುಂಪಿನ ಫಾಸ್ಫೊಲಿಪೇಸ್, ಸಿ57ಬಿಎಲ್/6 ತಳಿಯಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ಇನ್ನೊಂದು ಮಾತು: ಕಾಯಿಲೆ ಬಿದ್ದ ಇಲಿ ಮೇವು ಬಿಡುತ್ತದೆ, ಉಪವಾಸವೇ ರಕ್ತದ ಕೊಬ್ಬನ್ನು ಬದಲಿಸುತ್ತದೆ. ಹಾಗಾಗಿ ಬರೀ ಸಲೈನ್ ಚುಚ್ಚಿದ ಹೋಲಿಕೆಯ ಇಲಿಗಳಿಗೂ ಅಷ್ಟೇ ಆಹಾರ ಕೊಡಿ.